ಮಾವನ ಲೋಕಭೋಜನ

ಹುಲಿಯ ಅನ್ನ ಉಣ್ಣುವವರನ್ನು ಕಣ್ಣಾರೆ ಕಂಡ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಸೋದರಮಾವ! ಎಲ್ಲಿ ಕಂಡರು ಅಂತೀರಿ? ದಟ್ಟ ಕಾಡಿನಲ್ಲೇ? ಛೆ, ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ!

ಮಾವನಿಗೆ ಅಲ್ಲಿ ಟೀ ಅಂಗಡಿ. ಟೀ ಬರೀ ನೆಪ. ರೈಲು ಇಳಿದವರನ್ನು ಊರೆಲ್ಲ "ಯಾವೂರು?" ಅಂತ ಕೇಳಿದರೆ, ಮಾವ "ನಿಮ್ ಕಡೆ ಏನ್ ತಿಂತೀರಾ?" ಅನ್ನುತ್ತಿದ್ದರು. ಉತ್ತರ ಮುಗಿಯುವುದರೊಳಗೆ ರೈಲು ಕೂಗಿ, ಗಿರಾಕಿ ಲೋಟದ ಸಮೇತ ಹತ್ತಿಬಿಡುತ್ತಿದ್ದ.

ಅಂಗಡಿ ಇಟ್ಟ ಹೊಸತು. ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದ ಗಣಿ ಕೆಲಸದವನೊಬ್ಬ ಬುತ್ತಿ ಬಿಚ್ಚಿದ. ಮಾವ ಹಾಜರ್!

"ಏನಯ್ಯಾ ಅದು?"

"ಪುಳಿ ಸೋರು."

ತಮಿಳಿನಲ್ಲಿ ಅದು ಹುಣಸೆಹಣ್ಣಿನ ಅನ್ನ. ಆದರೆ ಕಾಮಸಮುದ್ರದ ಕಡೆ ಬೆಳೆದ ಮಾವನ ಕಿವಿ ತೆಲುಗಿನದು. ತೆಲುಗಿನಲ್ಲಿ ಪುಲಿ ಅಂದರೆ ಸಾಕ್ಷಾತ್ ಹುಲಿ! ಮಾವ ಹಿಂದೆ ಸರಿದು, "ಯಾರು ಮಾಡಿದ್ದು?" ಅಂದರು.

"ಎಂಗ ಅಮ್ಮಾ," ಅಂದ, ಅಂದರೆ ನಮ್ಮಮ್ಮ.

ಸಂಜೆ ಮನೆಯಲ್ಲಿ, ಅಲ್ಲೇ ಉಂಡು ಬೆಳೆಯುತ್ತಿದ್ದ ನನ್ನ ಮುಂದೆ ಘೋಷಣೆಯಾಯಿತು: "ಮುದುಕಿ ಕಣ್ಲಾ! ಒಬ್ಳೇ ಉಲಿ ಒಡೆದವ್ಳೆ! ಅಂಥೋಳ ಮಗ ಗಣಿಯ ಪಾತಾಳಕ್ಕೆ ಎದರ್ತಾನಾ? ನೀನೂ ಇದ್ದೀಯ, ಜಿರಳೆ ಕಂಡ್ರೆ ಮಂಚ ಅತ್ತೀಯ!"

ನಾನು ಮಾವನಂತೆಯೇ, ನನಗಿಲ್ಲದ ಮೀಸೆ ತಿರುವಿ, ದನಿ ದಪ್ಪ ಮಾಡಿ, "ಪುಳಿ ಅಂದ್ರೆ ಉಣಸೆಹಣ್ಣು ಕಣ್ಲಾ" ಅಂದೆ. ಅಡುಗೆಮನೆಯಲ್ಲಿ ಅತ್ತೆಯ ಬಳೆ ನಗೆಗೆ ಗಲಗಲ ಅಂದವು.

"ಎಸ್ಸೆಸ್ಸೆಲ್ಸಿ ಎರಡ್ ಸಲ ಡುಮ್ಕಿ ಒಡೆದೋನು ನಂಗ್ ಪಾಠ ಏಳ್ತೀಯೇನ್ಲಾ?"

ವಾದ ಅಲ್ಲಿಗೆ ಮುಗಿಯಿತು. ಇಂಥ ಪಾಂಡಿತ್ಯದ ಮುಂದೆ ನಾನೆಷ್ಟರವನು!

ಅಂದಿನಿಂದ ಊಟದ ಹೊತ್ತಿಗೆ ಪ್ರಪಂಚವೇ ನಮ್ಮ ತಟ್ಟೆಗೆ ಬಂತು. ಚೀನಾದವರ ಹಾವು, ಫ್ರಾನ್ಸಿನವರ ಕಪ್ಪೆಕಾಲು, ಹಿಮದ ನಾಡಿನವರ ತಿಮಿಂಗಿಲದ ಕೊಬ್ಬು! ಕಪ್ಪೆಕಾಲಿನ ವರ್ಣನೆ ಕೇಳುತ್ತ ಮುದ್ದೆ ನುಂಗಿದ್ದೀರಾ? ಜಾರುತ್ತೆ ಸ್ವಾಮಿ, ಚೆನ್ನಾಗಿಯೇ ಜಾರುತ್ತೆ. ಮಾವ ಮಾತ್ರ ಮೂರು ಹೊತ್ತೂ ಮುದ್ದೆ, ಹುರುಳಿ ಸಾರು. ಉಪ್ಪಿಟ್ಟು ಕಂಡರೂ ಪರದೇಶದ ತಿಂಡಿ ಅಂತ ಮೂಗು ಮುರಿಯುವ ಮಹಾಶಯ!

ಒಮ್ಮೆ ಯಾವನೋ ಪುಣ್ಯಾತ್ಮ, ಅರಬ್ ದೇಶದ ದನಗಳು ಒಣಮೀನು ತಿನ್ನುತ್ತವೆ ಅಂದ. ತಗೊಳ್ಳಿ! ಅತ್ತೆಯ ಎಮ್ಮೆಯ ಬೂಸಾಕ್ಕೆ ಒಣಮೀನು ಬಿತ್ತು. ಎಮ್ಮೆ ಮೂಸಿತು, ಸೀನಿತು, ತಿರುಗಿ ಬಾಲ ತೋರಿಸಿತು. ಆ ಸಂಜೆ ಹಾಲೂ ಇಲ್ಲ.

"ನಿಮ್ ಅರಬ್ ದೇಸುಕ್ಕೆ ಬೆಂಕಿ ಆಕ!" ಅಂದರು ಅತ್ತೆ.

"ಎಮ್ಮೆಗೆ ಲೋಕಜ್ಞಾನ ಸಾಲ್ದು ಕಣೇ," ಅಂದರು ಮಾವ. ಪಕ್ಕದ ಮನೆ ಬೆಕ್ಕಿಗೆ ಲೋಕಜ್ಞಾನ ಧಾರಾಳವಾಗಿತ್ತು. ಮರುದಿನದಿಂದ ಅದು ಗೋದಲಿಯಲ್ಲೇ ಠಿಕಾಣಿ ಹೂಡಿತು.

ಆ ಚಳಿಗಾಲದಲ್ಲಿ ಅತ್ತೆಗೆ ವಿಷಮಜ್ವರ ಬಂತು. ಜ್ವರ ಇಳಿಯಿತು, ನಾಲಗೆ ಮಾತ್ರ ಸತ್ತೇಹೋಯಿತು. ಗಂಜಿ ಕೊಟ್ಟರೂ "ಮಣ್ಣು ತಿಂದಂಗೈತೆ" ಅಂತ ಮುಖ ತಿರುಗಿಸುವರು. ಮೈ ಕಡ್ಡಿಯಾಯಿತು.

"ಹೊಟ್ಟೆಗೆ ಹೋದರೆ ಬದುಕ್ತಾರೆ. ಅವರಿಗೇನಿಷ್ಟವೋ ಅದನ್ನೇ ಕೊಡಿ," ಅಂದರು ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾವ ನಿಂತುಬಿಟ್ಟರು.

"ಲೇ, ನಿಮ್ಮತ್ತೆಗೆ ಏನಿಷ್ಟಲಾ?"

ನನಗೇನು ಗೊತ್ತು? ಆಕೆ ಬಡಿಸಿದ್ದನ್ನು ಪುಕ್ಕಟೆ ಉಂಡು, ತಟ್ಟೆ ಸರಿಸಿ ಎದ್ದವನು ನಾನು!

ಕೊನೆಗೆ ಮಾವ ಮನೆಗೆ ಬಂದು ಅತ್ತೆಯ ಹಾಸಿಗೆಯ ಪಕ್ಕ ಕೂತು ಕೇಳಿದರು. ಅತ್ತೆ ಹೊದಿಕೆ ಸರಿಸಿ ಅಂದರು:

"ಇದುಕಿದ ಬೇಳೆ ಸಾರು. ಆದ್ರೆ ಇದುಕೋರ್ಯಾರು? ಬುಡಿ."

ನೆನೆಸಿದ ಅವರೆಕಾಳನ್ನು ಒಂದೊಂದೇ ಹಿಚುಕಿ ಸಿಪ್ಪೆ ಕಳಚಬೇಕು. ಮಾವ ಅಂಗಡಿ ಮುಚ್ಚಿ ಮೊರದ ಮುಂದೆ ಕೂತರು. ಒಂದು ಬೇಳೆ ಗೋಡೆಗೆ, ಒಂದು ನನ್ನ ಹಣೆಗೆ! ಮದ್ರಾಸಿನ ರೈಲು ಬಂತು, ಹೋಯಿತು. ಯಾರು ಏನು ತಿಂದರೋ ಆ ದಿನ ಕೇಳಿದವರಿಲ್ಲ. ಸಾರೂ ಅವರೇ ಕಾಯಿಸಿದರು.

ಮೊದಲ ತುತ್ತನ್ನು ಅತ್ತೆ ಸುಮ್ಮನೆ ನುಂಗಿದರು. ಎರಡನೆಯದಕ್ಕೆ ಮುಖ ಕಿವುಚಿದರು.

"ಉಪ್ಪೇ ಆಕಿಲ್ವಲ್ರೀ!"

ಮಾವ ತಟ್ಟೆಯನ್ನು ನನ್ನ ಕೈಗೆ ತುರುಕಿ ಬೀದಿಗೆ ಓಡಿದರು.

"ಉಪ್ಪಿಲ್ವಂತೆ ಕಣ್ರಪ್ಪಾ! ನಮ್ಮೋಳ್ ನಾಲ್ಗೆಗೆ ಉಪ್ಪಿಲ್ಲ ಅಂತ ಗೊತ್ತಾಯ್ತು!"

"ಯಾಕ್ಲಾ ಇವರು ಇಂಗ್ ಓಡ್ತಾವ್ರೆ?" ಅಂದರು ಅತ್ತೆ. "ನೀನಾದ್ರೂ ಒಸಿ ಉಪ್ಪು ತತ್ತಾ."

ತಂದುಕೊಟ್ಟೆ. ಅತ್ತೆ ಉಂಡ ತಟ್ಟೆಯನ್ನು ಆ ದಿನ ನಾನೇ ತೊಳೆದಿಟ್ಟೆ.