ನೆಗ್ಗು ಹಾಕಿಸಿಕೊಂಡ ಜೀಪು

ಹಳೆಯದನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ನಾನೂ ಅವರಲ್ಲೊಬ್ಬ, ಅದಕ್ಕೇ. ಯಸಳೂರಿನ ನಮ್ಮ ಶೆಡ್ಡಿನಲ್ಲಿ ಅಪ್ಪನ ಜೀಪು ಇದೆ. ಇದೆ ಎಂದರೆ ಇಂಜಿನ್ನು, ಚಾಸಿ, ನಂಬರು ಇವೆ, ಬಾಡಿ ಹೊಸದು. ಹಳೆಯದರ ತಳ ತುಕ್ಕು ತಿಂದು, ಕೂತರೆ ಕಾಲಡಿಯಲ್ಲೇ ರಸ್ತೆ ಓಡುವುದು ಕಾಣುತ್ತಿತ್ತು. "ಇದನ್ನ ಓಡಿಸ್ತೀರೋ, ಒಳಗೆ ನಿಂತ್ಕೊಂಡು ನಡೀತೀರೋ?" ಎಂದು ಹೆಂಡತಿ ಕೇಳಿದ ಮೇಲೆ ಸಕಲೇಶಪುರದ ಟಿಂಕರ್ ಇಬ್ರಾಹಿಂ ಸಾಹೇಬರಿಗೆ ಒಪ್ಪಿಸಿದೆ. ಅವರು ಎಲ್ಲಿಂದಲೋ ಅದೇ ಅಚ್ಚಿನ ರೆಡಿಮೇಡ್ ಬಾಡಿ ತರಿಸಿ ಕೂರಿಸಿದರು. ಹಳೆಯದು ಗುಜರಿಗೆ ಹೋಯಿತು.

ಹೊಸ ಜೀಪನ್ನು ಹತ್ತಿ ಇಳಿದು ನೋಡಿದೆ. ಎಲ್ಲವೂ ಸರಿಯಾಗಿತ್ತು, ಆದರೆ ಅದಕ್ಕೆ ನನ್ನ ಗುರುತು ಸಿಕ್ಕಂತಿರಲಿಲ್ಲ. ಅಪ್ಪನ ನೆಗ್ಗು ಇಲ್ಲವಲ್ಲ! ಬಿಸಿಲೆ ಘಾಟಿಯ ತಿರುವಿನಲ್ಲಿ ಅಪ್ಪ ಬಂಡೆಗೆ ತಾಗಿಸಿದ್ದು, ಪಕ್ಕದಲ್ಲಿದ್ದ ನನ್ನ ಗಲ್ಲ ಸೀಳಿದ್ದು, ಪೆಟ್ರೋಲ್ ವಾಸನೆಯ ಕರ್ಚೀಫು ಕಟ್ಟಿ "ಅಮ್ಮಂಗೆ ಹೇಳ್ಬೇಡ ಮಗ" ಅಂದದ್ದು. ಈ ಕತೆ ಹೇಳುವಾಗ ನಾನು ಎಲ್ಲಿ ಉಗುಳು ನುಂಗುತ್ತೇನೆಂಬುದು ಕೂಡ ಹೆಂಡತಿಗೆ ಬಾಯಿಪಾಠ. ನಾನು ಶಾಲೆಗೆ ಸೇರುವ ಮೊದಲೇ ಅಪ್ಪ ಹೋದರು. ಅವರ ಬಗ್ಗೆ ನನಗಿರುವ ನೆನಪು ಇದೊಂದೇ.

"ನೆಗ್ಗು ತೆಗೆಯೋದೇ ನಮ್ಮ ಕೆಲಸ ಸಾರ್. ಹಾಕ್ಸೋಕೆ ಬಂದೋರು ನೀವೇ ಮೊದಲು" ಎಂದು ಸಾಹೇಬರು ನಕ್ಕರು. ಎಡಗಡೆ ಮಡ್‌ಗಾರ್ಡ್, ದೀಪದ ಹಿಂದೆ, ಅಂಗೈಯಗಲ ಎಂದು ಬೆರಳಿಟ್ಟು ತೋರಿಸಿದೆ. ಮರದ ಸುತ್ತಿಗೆಯ ಮೂರೇ ಏಟು. ಮೂರನೆಯದಕ್ಕೆ ನನ್ನ ಗಲ್ಲ ಚುರುಗುಟ್ಟಿತು.

ಅಪ್ಪನ ಕಾಲದಲ್ಲಿ ಆ ಜೀಪನ್ನು ಕಂಡಿದ್ದವರಲ್ಲಿ ಉಳಿದವರು ಕೆ. ಹೊಸಕೋಟೆಯ ದೊಡ್ಡತ್ತೆ ಒಬ್ಬರೇ, ಅಪ್ಪನ ಅಕ್ಕ. ಅವರಿಂದ ಅಸಲಿ ಎನ್ನಿಸಿಕೊಳ್ಳಲು ಮಟಮಟ ಮಧ್ಯಾಹ್ನ ಅಲ್ಲಿಗೆ ಹೋದೆ. ಅತ್ತೆ ಜೀಪಿಗೆ ಸುತ್ತು ಬಂದರು. ಹೋದ ವಾರದ ನೆಗ್ಗಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಅದೇ ಜೀಪು ಕಣೋ. ಇಲ್ಲೇ ತಾಗಿದ್ದು."

"ನನ್ನ ಗಲ್ಲ ಸೀಳಿತ್ತಲ್ಲ ಅತ್ತೆ, ಅವತ್ತು?"

"ನೀನೆಲ್ಲಿದ್ದೆ? ಜೀಪಲ್ಲಿದ್ದೋನು ಚಂದ್ರ."

"ಚಂದ್ರ ನಾನೇ ಅಲ್ವಾ?"

ಅತ್ತೆ ಕೈ ತೆಗೆದರು. "ನೀನು ಆಮೇಲೆ ಹುಟ್ಟಿದ ಚಂದ್ರ. ಅವನು, ನಿಮ್ಮಣ್ಣ, ಸಕಲೇಶಪುರದ ಆಸ್ಪತ್ರೆ ಮುಟ್ಟೋದ್ರೊಳಗೆ ಹೋಗ್ಬುಟ್ಟ. ನಿನ್ನ ತಿಪ್ಪೆ ಮೇಲೆ ಹೊರಳ್ಸಿ ತಿಪ್ಪ ಅಂತ ಹೆಸರಿಡ್ರಪ್ಪಾ, ಇದಾದ್ರೂ ಉಳೀಲಿ ಅಂದೆ. ನಿಮ್ಮಪ್ಪ ಕೇಳಬೇಕಲ್ಲ? ಅದೇ ಹೆಸರು ಬೇಕು ಅಂತ ಕೂತ."

"ಮತ್ತೆ ಈ ಗಾಯದ ಗುರುತು?"

"ಕೊಟ್ಟಿಗೆ ಮೆಟ್ಲು. ಕಾಫಿ ಕುಡೀತೀಯಾ?"

ಕುಡಿದೆ. ಕಾಫಿಗೂ ಪೆಟ್ರೋಲ್ ವಾಸನೆ.

ವಾಪಸು ಬರುವಾಗ ಸಾಹೇಬರ ಶೆಡ್ಡಿನ ಮುಂದೆ ನಿಲ್ಲಿಸಿದೆ. ಗುಜರಿಗೆ ಹಾಕುವ ಮುಂಚೆ ಅವರು ಹಳೆಯ ಬಾಡಿಯ ಫೋಟೋ ತೆಗೆದಿದ್ದರಂತೆ. ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದರೆ ನೆಗ್ಗು ಬಲಗಡೆ ಇತ್ತು. ಎಡಗಡೆ ನುಣ್ಣಗೆ. ನನಗೆ ಹೋದ ಜೀವ ಬಂದಂತಾಯಿತು. ಎಡಗಡೆಯೇ ತಾಗಿದ್ದು ಎಂದು ಕೈಯಿಟ್ಟು ಹೇಳಿದ ಅತ್ತೆಯ ಮಾತನ್ನು ನಂಬುವುದು ಹೇಗೆ? ವಯಸ್ಸಾಯಿತು, ಪಾಪ. ಹಾಗೆಂದುಕೊಂಡು ಎರಡು ತಿರುವು ದಾಟಿದೆ. ಮೂರನೆಯದರಲ್ಲಿ ಹೊಳೆಯಿತು: ಎಡಗಡೆ ಎಂದು ಮೊದಲು ಹೇಳಿದವನು ನಾನು.

ಆಮೇಲೆ ಖಾಲಿ ಸೀಟಿನ ಕಡೆ ನೋಡದೆ ಓಡಿಸಿದೆ. ಹಂಪ್ ಬಂದಾಗ ಮಾತ್ರ ಎಡಗೈ ತಾನಾಗಿ ಅತ್ತ ಚಾಚಿ, ಅಲ್ಲಿ ಯಾರನ್ನೋ ಬೀಳದಂತೆ ಹಿಡಿಯುತ್ತಿತ್ತು.

ಮನೆಯಲ್ಲಿ ಹೆಂಡತಿ ಕೇಳಿದಳು, "ಏನಂದ್ರು ಅತ್ತೆ? ಅಸಲಿಯಂತೋ, ನಕಲಿಯಂತೋ?"

"ಜೀಪಿನ ವಿಷಯದಲ್ಲಿ ಅವರಿಗೆ ಯಾವ ಅನುಮಾನವೂ ಇಲ್ಲ" ಎಂದೆ.