ಹುಣಸೆ ಗಿಡಕ್ಕೆ ಎಂಟು ಹೆಂಚು

ದೊಡ್ಡ ಮರ ಸಾಕುವುದು ಸುಲಭ. ನೆಟ್ಟು ಮರೆತುಬಿಟ್ಟರೂ ಅದರ ಪಾಡಿಗೆ ಅದು ಬೆಳೆದುಕೊಳ್ಳುತ್ತದೆ. ಮರವನ್ನು ಚಿಕ್ಕದಾಗಿಯೇ ಇಟ್ಟುಕೊಳ್ಳುತ್ತೇನೆ ಎಂದು ಹೊರಟವನ ಪಾಡು ಮಾತ್ರ ಯಾರಿಗೂ ಬೇಡ. ನನಗೆ ಈ ಬೋನ್ಸಾಯ್ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್‌ಗಳಿವೆ. ಹಗಲೆಲ್ಲ ಅವುಗಳ ಲಟಪಟ ಕೇಳಿ ದಣಿದವನಿಗೆ, ಸದ್ದು ಮಾಡದ್ದು ಒಂದಾದರೂ ಮನೆಯಲ್ಲಿರಲಿ ಅನ್ನಿಸಿತ್ತು. ನಲ್ಲೂರಿನ ಹುಣಸೆ ತೋಪಿನಲ್ಲಿ ಬಿದ್ದಿದ್ದ ಒಂದು ಹಣ್ಣಿನ ಬೀಜ ತಂದು, ಮೊಳಕೆ ಬರಿಸಿ, ಮೂರು ವರ್ಷ ಸಾಕಿ, ಊಟದ ತಟ್ಟೆಯಷ್ಟು ಅಗಲದ ಕುಂಡಕ್ಕೆ ಏರಿಸಿದೆ. ತಿಂಗಳು ತುಂಬುವುದರೊಳಗೆ ಎಲೆ ಹಳದಿಯಾಗಿ ಉದುರತೊಡಗಿತು. ಇದಕ್ಕೂ ಮೊದಲು ಒಂದು ಅತ್ತಿ, ಒಂದು ಅರಳಿ ನನ್ನ ಕೈಯಲ್ಲೇ ಪ್ರಾಣ ಬಿಟ್ಟಿದ್ದವು. ಇದೂ ಹೋದರೆ ಇನ್ನು ಗಿಡದ ತಂಟೆಗೇ ಹೋಗುವುದಿಲ್ಲ ಎಂದು ಹೆಂಡತಿ ರತ್ನಮ್ಮನಿಗೆ ಮಾತು ಕೊಟ್ಟಾಗಿತ್ತು.

ಬೂದಿಗೆರೆ ಹತ್ತಿರದ ನರ್ಸರಿಯವನಿಗೆ ಕುಂಡ ತೋರಿಸಿದೆ. “ಬರೀ ಕೆಮ್ಮಣ್ಣು ತುಂಬ್ಬಿಟ್ಟಿದ್ದೀರಲ್ಲ ಸಾರ್, ನೀರು ನಿಂತು ಬೇರು ಕೊಳೀತಿದೆ” ಎಂದು ಜಪಾನಿನಿಂದ ಬಂದ ಮಣ್ಣಿನ ಚೀಲವೊಂದನ್ನು ಮುಂದಿಟ್ಟ. ಅವನು ಹೇಳಿದ ಬೆಲೆಗೆ ನಮ್ಮ ಮಗ್ಗದ ಎರಡು ಸೀರೆ ಬರುತ್ತವೆ. ನಮ್ಮ ಕಡೆ ಮಣ್ಣನ್ನು ಸೈಟು ಮಾಡಿ ಅಡಿ ಲೆಕ್ಕದಲ್ಲಿ ಮಾರುವುದು ಗೊತ್ತಿತ್ತು, ಕೇಜಿ ಲೆಕ್ಕದಲ್ಲಿ ಮಾರುವುದನ್ನು ಅವತ್ತೇ ಕಂಡದ್ದು. ನನ್ನ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿರಬೇಕು. “ಬಿಡಿ ಸಾರ್. ಹಳೇ ಹೆಂಚೋ ಇಟ್ಟಿಗೇನೋ ಕಡ್ಲೆಕಾಳಿನಷ್ಟು ಕುಟ್ಕೊಳಿ. ಅದಕ್ಕೆ ದಪ್ಪ ಮರಳು, ಒಂದು ಹಿಡಿ ಎಲೆಗೊಬ್ಬರ. ಪುಡಿ ಮಾತ್ರ ಜರಡಿ ಹಿಡ್ದು ತೆಗ್ದ್ಬಿಡಿ. ಹುಯ್ದ ನೀರು ಒಂದು ಹನಿ ನಿಲ್ಬಾರ್ದು, ಅಷ್ಟೇ” ಎಂದ.

ಅಷ್ಟೇ! ಹೊಂಗೆ ಮರದ ಬುಡದಲ್ಲಿ ಕೊಳೆತ ಎಲೆ ಸಿಕ್ಕಿತು. ಮರಳನ್ನು ಪಕ್ಕದ ಬೀದಿಯಲ್ಲಿ ಮನೆ ಕಟ್ಟಿಸುತ್ತಿದ್ದವರಲ್ಲಿ ಬೇಡಿ ತಂದೆ. ಇಟ್ಟಿಗೆ ಮಾತ್ರ ಊರೆಲ್ಲ ಸುತ್ತಿದರೂ ಇಲ್ಲ, ಎಲ್ಲಿ ನೋಡಿದರೂ ಸಿಮೆಂಟ್ ಬ್ಲಾಕು. ಸೋತು ಮನೆಗೆ ಬಂದರೆ ಶೆಡ್ಡಿನ ಗೋಡೆಗೆ ಒರಗಿಸಿದ್ದ ಎಂಟು ಹೆಂಚು ಕಂಡವು. ಶೆಡ್ಡಿನ ಮಾಡಿನಲ್ಲಿ ಯಾವಾಗಾದರೂ ಹೆಂಚು ಒಡೆದರೆ ಹಾಕಲೆಂದು ರತ್ನಮ್ಮ ಎತ್ತಿಟ್ಟವು. ಈ ಅಳತೆಯ ಹೆಂಚು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ತೆಗೆದರೆ ಏನಾದೀತು ಅಂದುಕೊಂಡೆ.

ಒಂದು ಹೆಂಚು ಕುಟ್ಟಿದರೆ ಮುಕ್ಕಾಲು ಪಾಲು ಪುಡಿಯೇ ಆಗುತ್ತದೆ ಎಂದು ನನಗೇನು ಗೊತ್ತು? ಎರಡಾಯಿತು, ನಾಲ್ಕಾಯಿತು. ಸದ್ದು ರತ್ನಮ್ಮನ ಕಿವಿಗೆ ಬೀಳಬಾರದೆಂದು, ಅವಳು ಮಗ್ಗ ನೋಡಿಕೊಳ್ಳುವ ಹೊತ್ತಿನಲ್ಲೇ, ನಾಲ್ಕೂ ಮಗ್ಗ ಓಡುವಾಗ ಮಾತ್ರ ಹಿತ್ತಲಲ್ಲಿ ಕೂತು ಕುಟ್ಟುತ್ತಿದ್ದೆ. ಆ ಗಲಾಟೆಯಲ್ಲಿ ಡೋಲು ಬಾರಿಸಿದರೂ ಕೇಳದು. ಜರಡಿಗೆ ಅಡುಗೆಮನೆಯ ರಾಗಿ ಜರಡಿಯೇ ಗತಿ. ಎಷ್ಟು ಒದರಿಟ್ಟರೂ ಸ್ವಲ್ಪ ಹೆಂಚಿನ ಪುಡಿ ಅದರಲ್ಲೇ ಉಳಿದು ರಾಗಿ ಹಿಟ್ಟಿಗೆ ಸೇರುತ್ತಿತ್ತು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಎಂಟನೆಯ ಹೆಂಚಿಗೆ ಸುತ್ತಿಗೆ ಎತ್ತಿದ್ದೆ. ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೇ ನಿಂತವು. ನನ್ನ ಕೈ ನಿಲ್ಲಲಿಲ್ಲ. ಟಣ್! ಟಣ್!

ರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು. “ಏನ್ರೀ ಅದು?”

“ಗಿಡಕ್ಕೆ... ಮಣ್ಣು.”

“ಅದು ಮಣ್ಣೇನ್ರೀ? ನಮ್ಮ ಹೆಂಚು! ನಾಳೆ ಮಳೆ ಬಂದ್ರೆ ನಿಮ್ಮ ತಲೆ ಇಡ್ತೀರಾ ಅಲ್ಲಿ?” ಎಂದು ಜರಡಿ ಕಿತ್ತುಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಆದರೂ ಕುಂಡ ತುಂಬಿಸುವುದನ್ನು ಬಿಡಲಿಲ್ಲ.

ಹದಿನೈದು ದಿನಕ್ಕೆ ಹುಣಸೆ ಚಿಗುರಿತು. ಎರಡು ಎಲೆಗೆ ಕಣ್ಣಲ್ಲಿ ನೀರು ಬಂದದ್ದು ನನಗೆ ಅದೇ ಮೊದಲು. ಮಾರನೆಯ ದಿನವೇ ಗಾಳಿಮಳೆ ಬಂದು ಶೆಡ್ಡಿನ ಹೆಂಚೊಂದು ಜಾರಿ ಬಿದ್ದು ಚೂರಾಯಿತು. ಕೆಳಗೆ ಮದುವೆ ಮನೆಯೊಂದಕ್ಕೆ ನೇಯುತ್ತಿದ್ದ ಕೆನೆಬಣ್ಣದ ಸೀರೆ. ಉಳಿದ ಮಗ್ಗಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದ ರತ್ನಮ್ಮ, “ಸೋರ್ತಿದೆ, ಏನಾದ್ರೂ ತಂದು ಹಿಡೀರಿ, ಬೇಗ!” ಎಂದು ಕೂಗಿದಳು. ಗಾಬರಿಯಲ್ಲಿ ಬಾಗಿಲ ಬಳಿ ಕೈಗೆ ಸಿಕ್ಕಿದ್ದನ್ನು ಎತ್ತಿ ಸೋರುವ ಜಾಗದ ಕೆಳಗೆ, ಮಗ್ಗದ ಮೇಲೆ ಹಿಡಿದು ನಿಂತೆ. ಅದು ಹುಣಸೆಯ ಕುಂಡ.

ಮಾಡಿನಿಂದ ಬಿದ್ದ ನೀರು ಹೆಂಚಿನ ಚೂರಿನ ನಡುವೆ ಸರಾಗವಾಗಿ ಇಳಿದು, ಕುಂಡದ ತೂತಿನಿಂದ ನೇರವಾಗಿ ಸೀರೆಯ ಮೇಲೆ ಬಿತ್ತು. ಒಂದು ಹನಿಯೂ ನಿಲ್ಲಲಿಲ್ಲ.

ರತ್ನಮ್ಮ ಮಾಡು ನೋಡಿದಳು, ಕುಂಡ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಮಣ್ಣು ಮಾತ್ರ ಚೆನ್ನಾಗಿ ಮಾಡಿದ್ದೀರಿ ಬಿಡಿ” ಎಂದಳು.

ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಒಂದು ಕೆಲಸವನ್ನು ಅವಳು ಮೆಚ್ಚಿದ್ದು ಇದೇ ಮೊದಲು. ತೋಯ್ದ ಸೀರೆಯ ಪಕ್ಕ ಕುಂಡ ಹಿಡಿದುಕೊಂಡೇ ನಿಂತಿದ್ದೆ. ಕೆಳಗಿಡಲು ಧೈರ್ಯ ಬರಲಿಲ್ಲ.