ಮಾತಿಗೆ ಮುಂಚೆ ಹರಿದ ಟಿಕೆಟ್

ಎದುರಿಗಿದ್ದವರ ಮಾತನ್ನು ಅವರಿಗಿಂತ ಮೊದಲೇ ಮುಗಿಸುವುದು ಜಾಣತನವೆಂದು ನಾನು ಬಹುಕಾಲ ನಂಬಿದ್ದೆ. ಅದೊಂದು ಕಾಯಿಲೆಯೆಂದು ತಿಳಿಯುವ ಹೊತ್ತಿಗೆ ತಲೆ ನರೆತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಕಡೂರು-ತರೀಕೆರೆ ಖಾಸಗಿ ಬಸ್ಸಿಗೆ ಕಂಡಕ್ಟರನಾದವನು ನಾನು. ಮುಖ ನೋಡಿದೊಡನೆ ಟಿಕೆಟ್ ಹರಿದು ಕೈಗಿಡುತ್ತಿದ್ದೆ. ಒಮ್ಮೆ, ದಿನವೂ ತರೀಕೆರೆಗೆ ಬರುವ ಮೇಷ್ಟ್ರೊಬ್ಬರು ಅಲ್ಲಿ ಇಳಿದು ದಿಕ್ಕು ತೋಚದವರಂತೆ ನಿಂತಿದ್ದರು. "ಯಾಕ್ ಸಾರ್, ಇಲ್ಲೇ ನಿಂತ್ರಿ?" ಎಂದೆ. "ಇವತ್ತು ಬೀರೂರಲ್ಲಿ ಇಳೀಬೇಕಿತ್ತು ಕಣಪ್ಪಾ. ನೀನು ಟಿಕೆಟ್ ಕೊಟ್ಬಿಟ್ಟೆ, ನಾನು ಬಂದ್ಬಿಟ್ಟೆ" ಎಂದರು ಪಾಪ. ನಾನು ನಕ್ಕೆ. ಆಗಲೇ ಬುದ್ಧಿ ಬರಬೇಕಿತ್ತು.

ಹೋದ ವರ್ಷ ನನ್ನ ಹೆಂಡತಿ ಗಿರಿಜೆಗೆ ಲಘುವಾಗಿ ಪಾರ್ಶ್ವವಾಯು ಬಡಿಯಿತು. ಕೈಕಾಲು ಸರಿಹೋದವು, ಮಾತು ಮಾತ್ರ ಏರು ಹತ್ತುವ ಹಳೆಯ ಬಸ್ಸಿನಂತಾಯಿತು. ಮೊದಲ ಪದ ಹೊರಡುತ್ತದೆ, ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಕಾಯುವುದುಂಟೇ ನಾನು? ಅವಳು "ಸ್ವಲ್ಪ..." ಎಂದರೆ ನೀರು ತಂದೆ, "ಎಲ್ಲಾ..." ಎಂದರೆ "ಮಾತ್ರೆ ಎಲ್ಲಾ ನುಂಗಿದೀಯ, ಸರಿ ಬಿಡು" ಎಂದೆ. ಇದಕ್ಕೆ ಉಪಕಾರವೆಂದು ಹೆಸರಿಟ್ಟುಕೊಂಡಿದ್ದೆ. ಶಿವನಿಯಲ್ಲಿರುವ ಅವಳ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಕರೆ ಬಂದಾಗ ಗಿರಿಜೆ ಏನೋ ಹೇಳಹೊರಟು "ಎಲ್ಲಾರೂ..." ಎಂದು ನಿಂತಳು. "ಎಲ್ಲಾರೂ ನೋಡ್ತಾರೆ, ನಾಚ್ಕೆ ಆಗುತ್ತೆ, ಅಷ್ಟೇ ತಾನೆ? ಹೋಗೋದೇ ಬೇಡ ಬಿಡೇ" ಎಂದವನೇ ಅವಳ ತಂಗಿಗೆ ಫೋನು ಮಾಡಿ ಬರುವುದಿಲ್ಲವೆಂದುಬಿಟ್ಟೆ. ಗಿರಿಜೆ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಅಂದಿನಿಂದ ಎಲ್ಲಕ್ಕೂ ಕೈಸನ್ನೆ. ಉಪ್ಪು ಬೇಕಾದರೂ ಸನ್ನೆ.

ಅವಳಿಗೆ ಮಾತು ಕಲಿಸುವ ಹುಡುಗಿ ಕಡೂರಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುತ್ತಾಳೆ. ಗಿರಿಜೆ ಮಾತು ಬಿಟ್ಟ ವಿಷಯ ಕೇಳಿ ಹುಡುಗಿಯ ಮುಖ ಗಂಭೀರವಾಯಿತು. "ಆಡ್ದೆ ಇದ್ರೆ ಇರೋ ಮಾತೂ ಹೋಗ್ಬಿಡುತ್ತೆ ಅಜ್ಜಾ. ನೋಡಿ, ಯಾರ ಮೆದುಳೂ ಮಾತು ಮುಗಿಯೋ ತನಕ ಕಾಯಲ್ಲ. 'ಎಲ್ಲಾ ಮಕ್ಕಳೂ' ಅಂದ ತಕ್ಷಣ 'ಮಿಠಾಯಿ ತಿಂತಾರೆ' ಅಂತ ಮುಂದಕ್ಕೆ ಓಡಿರುತ್ತೆ. 'ಕೆಲವೇ ಮಕ್ಕಳು' ಅಂದ್ರೆ ಹಾಗಲಕಾಯಿ ಕಡೆ ಹೋಗ್ಬೇಕಲ್ವಾ? ಆದ್ರೂ ಮೊದ್ಲು ಮಿಠಾಯಿ ಕಡೆಗೇ ಎಳೆಯುತ್ತೆ, ಆಮೇಲೆ ತಿದ್ಕೊಳ್ಳುತ್ತೆ. ತಿದ್ಕೊಳ್ಳೋಕೆ ಟೈಮ್ ಬೇಕು." ನನಗೆ ಒಳಗೊಳಗೇ ಸಂತೋಷ. "ಹಂಗಾದ್ರೆ ತಪ್ಪು ನಂದಲ್ಲ, ಮೆದುಳಿಂದು ಅನ್ನಮ್ಮಾ" ಎಂದೆ. "ಮೆದುಳು ಓಡ್ಲಿ ಅಜ್ಜಾ, ಬಾಯಿ ಓಡಿಸ್ಬೇಡಿ" ಎಂದಳು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು, ಅವಳೆದುರು ಕುಳಿತೆ. ಸಕ್ಕರೆ ಕರಗುವವರೆಗೆ ಮಾತಾಡಬಾರದೆಂಬ ವ್ರತ. ಬಹಳ ಹೊತ್ತಿನ ಮೇಲೆ ಅವಳು ನನ್ನ ಬೆನ್ನ ಹಿಂದೆ ದಿಟ್ಟಿಸಿ "ಯಾರೂ..." ಎಂದಳು. ಮಾತಾಡಿದಳಲ್ಲ! ನನ್ನ ತಲೆ ಆಗಲೇ ಊರು ಮುಟ್ಟಿತ್ತು: ಯಾರೂ ನನ್ನ ಮಾತು ಕೇಳಲ್ಲ, ಯಾರೂ ನನಗಿಲ್ಲ. ಕಣ್ಣು ತುಂಬಿ ಬಂತು. ಕ್ಷಮೆ ಕೇಳೋಣವೆಂದರೆ ಬಾಯಲ್ಲಿ ಸಕ್ಕರೆ. "ಯಾರೂ... ಹಾಲ್ ಕಡೆ... ನೋಡಲ್ವೇನ್ರೀ?" ಎಂದಳು. ತಿರುಗಿದೆ. ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿಯುತ್ತಿತ್ತು. ಒದ್ದೆ ಕಣ್ಣಿನಲ್ಲಿ ಬಟ್ಟೆ ಹುಡುಕುತ್ತಿದ್ದ ನನ್ನನ್ನು ನೋಡಿ ಅವಳು ನಕ್ಕಳು.

ನಕ್ಕ ಧೈರ್ಯದ ಮೇಲೆ ಕೇಳಿದೆ: "ಅವತ್ತು ಎಲ್ಲಾರೂ ಅಂದ್ಯಲ್ಲ, ಏನೇ ಅದು?" ನೆಲ ಒರೆಸಿ ಮುಗಿಯಿತು, ಪಾತ್ರೆ ತೊಳೆದಾಯಿತು. ಆಮೇಲೆ ಬಂತು ಉತ್ತರ. "ಎಲ್ಲಾರೂ... ಮಗು ಕಿವೀಲಿ... ಹೆಸರು ಹೇಳ್ತಾರೆ. ನಾನೂ... ಹೇಳ್ಬೇಕು." ಕರೆಯುವಾಗಲೇ ತಂಗಿ ಹೆಸರು ತಿಳಿಸಿದ್ದಳು. ಈಚೆಗೆ ಕೋಣೆಯಲ್ಲಿ ಒಬ್ಬಳೇ ಕುಳಿತು ಅವಳು ಗುನುಗುತ್ತಿದ್ದುದು ಅದನ್ನೇ ಅಂತೆ. ನಾನು ಅದನ್ನು ಜಪವೆಂದುಕೊಂಡಿದ್ದೆ. ನಾಮಕರಣಕ್ಕೆ ಇನ್ನೂ ನಾಲ್ಕು ದಿನವಿತ್ತು, ತಕ್ಷಣ ಅವಳ ತಂಗಿಗೆ ಫೋನು ಮಾಡಿ ಬರುತ್ತೇವೆಂದೆ. "ಏನ್ ಭಾವ, ದಿನಕ್ಕೊಂದು ಹೇಳ್ತೀರಲ್ಲ!" ಎಂದು ಬೈಸಿಕೊಂಡೆ, ಖುಷಿಯಾಯಿತು.

ಶಿವನಿಯಲ್ಲಿ ಹಿರಿಯರೆಲ್ಲ ಒಬ್ಬೊಬ್ಬರಾಗಿ ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದರು. ಗಿರಿಜೆಯ ಸರದಿ ಬಂತು. "ಪ್ರ..." ಎಂದು ನಿಂತಳು. ಎಲ್ಲರಿಗೂ ಗೊತ್ತಿರುವ ಹೆಸರು! ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು, ಟವೆಲ್ಲನ್ನು ಬಾಯಿಗೆ ಒತ್ತಿ ಹಿಡಿದೆ. ಮಗು ಕೂಡ ಅಳದೆ ಅವಳನ್ನೇ ನೋಡುತ್ತಿತ್ತು. "ಪ್ರಣತಿ" ಎಂದಳು. ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಯಾರದೋ ಮೂಗು ಸೊರ್ರೆಂದಿತು. ನನ್ನದೇ ಇರಬೇಕು.

ಹಿಂತಿರುಗುವಾಗ ರೈಲಿನಲ್ಲಿ ಅವಳು ನನ್ನ ಕಡೆ ತಿರುಗಿ "ನೀವು... ಯಾವತ್ತೂ..." ಎಂದಳು. ನಾನು ಕಾದೆ. ಅಜ್ಜಂಪುರ ಹೋಯಿತು, ಬೀರೂರು ಬಂತು, ಮಾತು ಬರಲಿಲ್ಲ. ನೋಡಿದರೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ, ಮರುದಿನ ಕೇಳಲೂ ಇಲ್ಲ. ಅವಳೇ ಮುಗಿಸಲೆಂದು ಇಂದಿಗೂ ಕಾಯುತ್ತಿದ್ದೇನೆ. ಬಾಯಿ ಸುಮ್ಮನಿದ್ದರೂ ಮೆದುಳು ಸುಮ್ಮನಿರಬೇಕಲ್ಲ, ಆ ವಾಕ್ಯವನ್ನು ಎಷ್ಟೋ ಬಗೆಯಲ್ಲಿ ಮುಗಿಸಿ ನೋಡಿದೆ. ಅದೊಂದು ಒಳ್ಳೆಯ ಮಾತಿರಬಹುದೆಂದು ಮೆದುಳಿಗೆ ಒಮ್ಮೆಯೂ ಹೊಳೆಯಲಿಲ್ಲ. ಇಷ್ಟು ವರ್ಷ ಜೊತೆಗಿದ್ದು ಪಾಪ, ಅದಕ್ಕೆ ನನ್ನ ಪರಿಚಯ ಚೆನ್ನಾಗಿಯೇ ಇದೆ.